ಉತ್ತರ ದಕ್ಷಿಣಗಳ ಪಾಠ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಶಾಲೆಗಳಲ್ಲಿ, ಮಕ್ಕಳಿಗೆ ತಮ್ಮ ದೇಶದ ಅಂತರ್ಯುದ್ಧದ ಚರಿತ್ರೆಯನ್ನು ಹೇಳತೊಡಗುವ ಉಪಾಧ್ಯಾಯರು, ಕಾಳಗಗಳ ಕಥೆಗೆ ಕೈಹಾಕುವುದಕ್ಕೆ ಮುನ್ನ, ಆ ಕಾಳಗಗಳಿಗೆ ಹಿಂದಿನ ದಶಕಗಳಲ್ಲಿ ದೇಶದ ಸೀಮೆಸೀಮೆಗಳ ನಡುವೆ ಇದ್ದ ವ್ಯತ್ಯಾಸಗಳನ್ನು ವಿವರಿಸುವುದು ಬಹುಕಾಲದಿಂದ ನಡೆದುಬಂದ ವಾಡಿಕೆ. ಕರಿಹಲಗೆಯ ಮೇಲೆ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಅಂಕಣ. ಉತ್ತರದ ಕೆಳಗೆ ಗಿರಣಿಗಳು, ಪಟ್ಟಣಗಳು, ರೈಲುಮಾರ್ಗಗಳು, ವಲಸೆ ಬಂದ ಕೂಲಿಗಾರರು. ದಕ್ಷಿಣದ ಕೆಳಗೆ ಹತ್ತಿ, ಹೊಗೆಸೊಪ್ಪು, ಅಕ್ಕಿ, ವಿಶಾಲವಾದ ತೋಟಗಳು ಮತ್ತು ಗುಲಾಮರು. ಈ ಪಟ್ಟಿಯಲ್ಲಿ ಒಂದೊಂದು ಮಾತೂ ಸತ್ಯವೇ. ಆದರೆ ಅದನ್ನು ಓದಿ ಬಾಯಿಪಾಠ ಮಾಡಿದ ಮಗುವಿಗೆ, ಇಲ್ಲಿ ಗಿರಣಿಯೂ ಅಲ್ಲಿ ಗುಲಾಮನೂ ಮಣ್ಣಿನಿಂದ ತಾನಾಗಿ ಮೊಳೆತ ವಸ್ತುಗಳೆಂದು, ಭಿನ್ನವಾದ ಎರಡು ಸೀಮೆಗಳು ಭಿನ್ನವಾಗಿದ್ದ ಕಾರಣದಿಂದಲೇ ಕಡೆಗೊಮ್ಮೆ ಕಾದಾಡಿದವೆಂದು ತೋರಿದರೆ, ಆ ತಪ್ಪು ಮಗುವಿನದಲ್ಲ. ಈ ಬಗೆಯ ಪಾಠವು ಯುದ್ಧಾನಂತರದಲ್ಲಿ ಹುಟ್ಟಿದ್ದಲ್ಲ. ಯುದ್ಧಕ್ಕೆ ಮುಕ್ಕಾಲು ಶತಮಾನ ಹಿಂದೆಯೇ ಅದು ಶಾಲೆಗಳನ್ನು ಪ್ರವೇಶಿಸಿತ್ತು, ಮತ್ತು ಆ ಯುದ್ಧವನ್ನು ಹೋರಾಡಿದ ತಲೆಮಾರು ಅದನ್ನು ಕಲಿತೇ ಬೆಳೆದಿತ್ತು. ಆದುದರಿಂದ ಆ ಪಾಠಕ್ಕೂ ಒಂದು ಚರಿತ್ರೆಯುಂಟು; ಅದನ್ನು ಅರಿತುಕೊಳ್ಳುವುದು, ಮಕ್ಕಳಿಗೆ ತಮ್ಮ ನಾಡಿನ ವೈವಿಧ್ಯವನ್ನು ಹೇಳಿಕೊಡುವ ಹೊಣೆಯುಳ್ಳ ಯಾವ ದೇಶದವರಿಗಾದರೂ ಅವಶ್ಯಕವೆಂದು ನಾನು ನಂಬಿದ್ದೇನೆ.

ಎರಡು ಅಂಕಣಗಳ ಈ ಕ್ರಮವನ್ನು ಬಲು ಹಿಂದೆಯೇ ಬಳಸಿದವರಲ್ಲಿ ಥಾಮಸ್ ಜೆಫರ್ಸನ್ ಒಬ್ಬನು. 1785ರ ಸೆಪ್ಟೆಂಬರಿನಲ್ಲಿ, ಪ್ಯಾರಿಸ್ಸಿನಲ್ಲಿ ತನ್ನ ದೇಶದ ರಾಯಭಾರಿಯಾಗಿದ್ದಾಗ, ಆತನು ಫ್ರೆಂಚ್ ಪ್ರಭುವಾದ ಶಾಸ್ತೆಲೂ ಎಂಬುವನಿಗೆ ಒಂದು ಪತ್ರ ಬರೆದು, ಅದರಲ್ಲಿ ಉತ್ತರದವರ ಮತ್ತು ದಕ್ಷಿಣದವರ ಸ್ವಭಾವಗಳನ್ನು ಎದುರುಬದುರಾಗಿ ಪಟ್ಟಿಮಾಡಿದನು. ಉತ್ತರದವರು ಶಾಂತರು, ಶ್ರಮಶೀಲರು, ಪಟ್ಟುಹಿಡಿದು ದುಡಿಯುವವರು, ಜೊತೆಗೆ ಲಾಭದ ಮೇಲೆ ಕಣ್ಣಿಟ್ಟವರು. ದಕ್ಷಿಣದವರು ಉಗ್ರರು, ಸುಖಲೋಲುಪರು, ಆಲಸಿಗಳು, ಜೊತೆಗೆ ಉದಾರಿಗಳು. ತಮ್ಮ ಸ್ವಾತಂತ್ರ್ಯಕ್ಕಾಗಿ ತವಕಪಡುತ್ತಲೇ ಪರರ ಸ್ವಾತಂತ್ರ್ಯವನ್ನು ತುಳಿಯುವವರು. ಉತ್ತರದಿಂದ ದಕ್ಷಿಣಕ್ಕೆ ಸಾಗುವ ಪ್ರಯಾಣಿಕನು ಯಾವ ಉಪಕರಣದ ನೆರವೂ ಇಲ್ಲದೆ, ಜನರ ನಡತೆಯನ್ನು ನೋಡಿಯೇ ತಾನಿರುವ ಅಕ್ಷಾಂಶವನ್ನು ಊಹಿಸಬಹುದೆಂಬುದು ಆತನ ಅಭಿಪ್ರಾಯವಾಗಿತ್ತು. ದಕ್ಷಿಣದವರ ದೋಷಗಳಿಗೆ ಆತನು ಮುಖ್ಯವಾಗಿ ಹೊಣೆಮಾಡಿದ್ದು ಬಿಸಿಲಿನ ತಾಪವನ್ನು. ಹವಾಗುಣವೇ ಜನಾಂಗಗಳ ಶೀಲವನ್ನು ರೂಪಿಸುತ್ತದೆಂಬ ಮತವನ್ನು ಮಾಂಟೆಸ್ಕ್ಯೂ 1748ರ ತನ್ನ ಮಹಾಗ್ರಂಥದಲ್ಲಿ ಪ್ರತಿಪಾದಿಸಿದ್ದನಾದ್ದರಿಂದ, ಅಂದಿನ ವಿದ್ಯಾವಂತರಿಗೆ ಇದರಲ್ಲಿ ಹೊಸತೇನೂ ಕಾಣಿಸದೆ ಇದ್ದಿರಬೇಕು. ಆದರೆ ಪರರ ಸ್ವಾತಂತ್ರ್ಯವನ್ನು ತುಳಿಯುವುದೂ ಬಿಸಿಲಿನ ಪರಿಣಾಮವೇ ಆದಲ್ಲಿ, ಅದನ್ನು ತಿದ್ದುವ ಭಾರ ಯಾರ ಮೇಲೂ ಬೀಳುವುದಿಲ್ಲವೆಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಸ್ವತಃ ನೂರಾರು ಗುಲಾಮರ ಒಡೆಯನಾಗಿದ್ದ ವರ್ಜೀನಿಯದ ಆ ತೋಟಗಾರನಿಗೆ ಈ ವಿವರಣೆಯು ಕೊಡಬಲ್ಲ ಸಮಾಧಾನವು ಅಲ್ಪವಾದುದಲ್ಲ.

ಜೆಫರ್ಸನ್ನನದು ಖಾಸಗಿ ಪತ್ರ. ಅದೇ ಕ್ರಮವನ್ನು ಶಾಲೆಯ ಮಕ್ಕಳ ಕೈಗೆ ಮುಟ್ಟಿಸಿದವನು ಜೆಡಿಡಯ ಮೋರ್ಸ್. ಕನೆಕ್ಟಿಕಟ್ ಸಂಸ್ಥಾನದಲ್ಲಿ ಹುಟ್ಟಿ, ಮುಂದೆ ಮ್ಯಾಸಚೂಸೆಟ್ಸಿನ ಚಾರ್ಲ್ಸ್‌ಟೌನಿನಲ್ಲಿ ಪಾದ್ರಿಯಾದ ಈತನು 1784ರಲ್ಲಿ ಮಕ್ಕಳಿಗಾಗಿ ಒಂದು ಚಿಕ್ಕ ಭೂಗೋಳವನ್ನೂ, 1789ರಲ್ಲಿ ದೊಡ್ಡದೊಂದು ಅಮೆರಿಕದ ಭೂಗೋಳವನ್ನೂ ಪ್ರಕಟಿಸಿದನು. ತಂತಿಯ ವಾರ್ತೆಗೆ ತನ್ನ ಹೆಸರನ್ನು ಬಿಟ್ಟುಹೋದ ಸ್ಯಾಮ್ಯುಯೆಲ್ ಮೋರ್ಸನು ಈತನ ಮಗ. ಅದುವರೆಗೆ ಇಂಗ್ಲೆಂಡಿನಿಂದ ಬರುತ್ತಿದ್ದ ಭೂಗೋಳಗಳಲ್ಲಿ ಅಮೆರಿಕಕ್ಕೆ ದೊರೆಯುತ್ತಿದ್ದುದು ನಾಲ್ಕಾರು ಪುಟಗಳು ಮಾತ್ರವಾಗಿದ್ದುದರಿಂದ, ಹೊಸದಾಗಿ ಸ್ವತಂತ್ರವಾದ ದೇಶವು ತನ್ನ ಮಕ್ಕಳಿಗೆ ತನ್ನನ್ನೇ ತೋರಿಸಿಕೊಡುವ ಪುಸ್ತಕವನ್ನು ಆದರದಿಂದ ಬರಮಾಡಿಕೊಂಡಿತು. ಮೋರ್ಸನಿಗೆ ಅಮೆರಿಕದ ಭೂಗೋಳಪಿತಾಮಹನೆಂಬ ಕೀರ್ತಿ ಬಂದಿತು. ಈ ಭೂಗೋಳಗಳಲ್ಲಿ ನದಿ, ಬೆಟ್ಟ, ಬೆಳೆಗಳ ಸಂಗಡ ಆಯಾ ಸಂಸ್ಥಾನದ ಜನರ ಶೀಲಸ್ವಭಾವಗಳಿಗೂ ಒಂದು ಪ್ರಕರಣ ಇರುತ್ತಿತ್ತು. ತನ್ನ ಸೀಮೆಯಾದ ನ್ಯೂ ಇಂಗ್ಲೆಂಡಿನ ವಿಷಯದಲ್ಲಿ ಗ್ರಂಥಕರ್ತನ ಲೇಖನಿ ಧಾರಾಳವಾಗಿ ಹರಿಯಿತು: ಊರೂರಿಗೆ ಶಾಲೆ, ಊರೂರಿಗೆ ಇಗರ್ಜಿ, ಮಿತವ್ಯಯ, ಉದ್ಯಮ, ದೈವಭಕ್ತಿ. ದಕ್ಷಿಣದ ಸಂಸ್ಥಾನಗಳಿಗೆ ಬಂದಾಗ ಜೂಜು, ಕೋಳಿಯಂಕ, ಸೋಮಾರಿತನಗಳು ಪುಟವನ್ನು ಆಕ್ರಮಿಸಿದವು. ಗುಲಾಮರ ದುಡಿಮೆಯು ಒಡೆಯರನ್ನು ಕೆಡಿಸಿದೆಯೆಂಬ ನಿಜವಾದ ಮಾತನ್ನೂ ಆತನು ಹೇಳದೆ ಬಿಡಲಿಲ್ಲ.

ಆದರೆ ಆ ನಿಜದ ಒಂದು ಪಾಲು ಪುಸ್ತಕದ ನೆರಳಿನಲ್ಲಿ ಉಳಿದುಹೋಯಿತು. ಮೋರ್ಸನು ಬರೆಯುತ್ತಿದ್ದ ಕಾಲದಲ್ಲಿ ದಾಸ್ಯವು ದಕ್ಷಿಣದ ಸೊತ್ತು ಮಾತ್ರವಾಗಿರಲಿಲ್ಲ. 1790ರ ಪ್ರಥಮ ಖಾನೇಸುಮಾರಿಯ ಪ್ರಕಾರ ನ್ಯೂಯಾರ್ಕ್ ಸಂಸ್ಥಾನವೊಂದರಲ್ಲಿಯೇ 21,000ಕ್ಕೂ ಮಿಗಿಲಾದ ಗುಲಾಮರಿದ್ದರು. ಆತನ ಜನ್ಮಭೂಮಿಯಾದ ಕನೆಕ್ಟಿಕಟ್ಟಿನಲ್ಲಿಯೂ 2,000ಕ್ಕೆ ಮೀರಿ ಇದ್ದರು. ಪೆನ್ಸಿಲ್ವೇನಿಯವು 1780ರಲ್ಲಿಯೂ ಕನೆಕ್ಟಿಕಟ್ 1784ರಲ್ಲಿಯೂ ಹಂತಹಂತವಾದ ವಿಮೋಚನೆಯ ಕಾನೂನುಗಳನ್ನು ಮಾಡಿದವು. ನ್ಯೂಯಾರ್ಕಿನಲ್ಲಿ ದಾಸ್ಯವು ಸಂಪೂರ್ಣವಾಗಿ ನಿಂತದ್ದು 1827ರಲ್ಲಿ, ಕನೆಕ್ಟಿಕಟ್ಟಿನಲ್ಲಿ 1848ರಲ್ಲಿ. ಹೀಗೆ ಉತ್ತರವು 'ಮುಕ್ತ'ವಾದದ್ದು ಅದರ ಚಳಿಯಿಂದಲ್ಲ, ಶಾಸನಸಭೆಗಳ ನಿರ್ಣಯಗಳಿಂದ, ನ್ಯಾಯಸ್ಥಾನಗಳ ತೀರ್ಪುಗಳಿಂದ, ಮತ್ತು ಆ ನಿರ್ಣಯ ತೀರ್ಪುಗಳಿಗಾಗಿ ಅರ್ಜಿ ಬರೆದು ಕಾದ ಗುಲಾಮರ ಪ್ರಯತ್ನದಿಂದ. ಈ ಸಂಗತಿಯನ್ನು ಮಕ್ಕಳಿಗೆ ತಿಳಿಸಿದ್ದರೆ, ಉತ್ತರದಲ್ಲಿ ಸಾಧ್ಯವಾದ ಪರಿವರ್ತನೆ ದಕ್ಷಿಣದಲ್ಲಿಯೂ ಸಾಧ್ಯವೆಂಬ ಅರಿವು ಅವರಿಗೆ ಉಂಟಾಗುತ್ತಿತ್ತು. ಅದರ ಬದಲು ಉತ್ತರದ ಮಗುವಿಗೆ ಹುಟ್ಟುಗುಣದ ಹೆಮ್ಮೆಯೂ ದಕ್ಷಿಣದ ಮಗುವಿಗೆ ಹುಟ್ಟುಗುಣದ ಅವಮಾನವೂ ಪಾಠವಾದವು.

ಅವಮಾನಕ್ಕೆ ಉತ್ತರ ಬರಲು ತಡವಾಗಲಿಲ್ಲ. 1795ರಲ್ಲಿ ವಿಲಿಯಮ್ಸ್‌ಬರ್ಗಿನ ನಾಗರಿಕನೊಬ್ಬನ ಹೆಸರಿನಲ್ಲಿ, ಮೋರ್ಸನನ್ನು ಸಂಬೋಧಿಸಿದ ಒಂದು ಪತ್ರವು ರಿಚ್ಮಂಡಿನಲ್ಲಿ ಅಚ್ಚಾಯಿತು. ಬರೆದವನು ವರ್ಜೀನಿಯದ ಪ್ರಖ್ಯಾತ ನ್ಯಾಯಶಾಸ್ತ್ರಜ್ಞ ಸೇಂಟ್ ಜಾರ್ಜ್ ಟಕರ್. ತನ್ನ ಊರನ್ನು ಕಳೆಗುಂದಿದ, ವಿಷಣ್ಣವಾದ ಊರೆಂದು ಪುಸ್ತಕವು ಚಿತ್ರಿಸಿದ್ದನ್ನು ಆತನು ಸಹಿಸಲಾರದೆ ಹೋದನು. ಇದೇ ಟಕರನು ಮರುವರ್ಷ, 1796ರಲ್ಲಿ, ವರ್ಜೀನಿಯದಲ್ಲಿ ದಾಸ್ಯವನ್ನು ಕ್ರಮೇಣ ಕೊನೆಗಾಣಿಸುವ ಯೋಜನೆಯೊಂದನ್ನು ಬರೆದು ಶಾಸನಸಭೆಯ ಮುಂದಿಟ್ಟನೆಂಬುದನ್ನು ನೆನೆದಾಗ, ಸೀಮೆಗೊಂದು ಸ್ವಭಾವವನ್ನು ಅಂಟಿಸುವ ಪಾಠದ ನಷ್ಟವೇನೆಂಬುದು ಸ್ಪಷ್ಟವಾಗುತ್ತದೆ. ದಕ್ಷಿಣದಲ್ಲಿದ್ದೇ ದಾಸ್ಯವನ್ನು ಪಾಪವೆಂದು ಕಂಡ ಮನುಷ್ಯನಿಗೆ ಆ ಅಂಕಣಗಳಲ್ಲಿ ಸ್ಥಳವಿರಲಿಲ್ಲ. ಟಕರನ ಯೋಜನೆಯನ್ನು ಆತನ ಶಾಸನಸಭೆಯೂ ಬದಿಗೆ ಸರಿಸಿತು.

ಈ ನಡುವೆ 1793ರಲ್ಲಿ, ಮ್ಯಾಸಚೂಸೆಟ್ಸಿನಲ್ಲಿ ಹುಟ್ಟಿದ ಎಲಿ ವಿಟ್ನಿ ಎಂಬ ಯುವಕನು ಜಾರ್ಜಿಯದ ತೋಟವೊಂದರಲ್ಲಿ ಅತಿಥಿಯಾಗಿದ್ದಾಗ, ಹತ್ತಿಯಿಂದ ಬೀಜವನ್ನು ಬೇರ್ಪಡಿಸುವ ಜಿನ್ನನ್ನು ನಿರ್ಮಿಸಿದನು. ಕೈಯಿಂದ ಬಿಡಿಸಲು ಅಸಾಧ್ಯವೆನಿಸಿದ್ದ ಗಿಡ್ಡ ಎಳೆಯ ಹತ್ತಿಯು ಒಮ್ಮೆಲೇ ಲಾಭದ ಬೆಳೆಯಾಗಿ, ಜಾರ್ಜಿಯದಿಂದ ಟೆಕ್ಸಸ್ಸಿನವರೆಗೆ ಕಾಡು ಕಡಿದು ಹೊಲವಾಯಿತು. ಆ ಹೊಲಗಳಿಗೆ ಆಳುಗಳನ್ನು ಒದಗಿಸುವುದಕ್ಕಾಗಿ ವರ್ಜೀನಿಯ, ಮೇರಿಲ್ಯಾಂಡ್ ಮೊದಲಾದ ಹಳೆಯ ಸಂಸ್ಥಾನಗಳಿಂದ ಸುಮಾರು ಹತ್ತು ಲಕ್ಷ ಗುಲಾಮರನ್ನು, ತಾಯಿಯಿಂದ ಮಕ್ಕಳನ್ನೂ ಗಂಡನಿಂದ ಹೆಂಡತಿಯನ್ನೂ ಅಗಲಿಸಿ, ದಕ್ಷಿಣಕ್ಕೂ ಪಶ್ಚಿಮಕ್ಕೂ ಸಾಗಿಸಲಾಯಿತು. ಪಾಠಪುಸ್ತಕವು ಸನಾತನವೆಂಬಂತೆ ವರ್ಣಿಸುತ್ತಿದ್ದ ಹತ್ತಿಯ ದಕ್ಷಿಣವು ಹೀಗೆ ಒಂದೆರಡು ತಲೆಮಾರುಗಳಲ್ಲಿ ಕಟ್ಟಿದ್ದು. ಅದನ್ನು ಕಟ್ಟುವುದರಲ್ಲಿ ಉತ್ತರದ ಕೈಯೂ ಇತ್ತು. ಲೋವೆಲ್ ಪಟ್ಟಣದ ಗಿರಣಿಗಳು ನೂತದ್ದು ಗುಲಾಮರು ಬಿಡಿಸಿದ ಹತ್ತಿಯನ್ನು. ರೋಡ್ ಐಲೆಂಡಿನ ಗಿರಣಿಗಳು ಗುಲಾಮರಿಗೆ ತೊಡಿಸುವ ಒರಟು ಬಟ್ಟೆಯನ್ನು ನೇಯ್ದು ದಕ್ಷಿಣಕ್ಕೆ ಮಾರಿದವು. ತೋಟದೊಡೆಯರಿಗೆ ಸಾಲ ಕೊಟ್ಟು ಬೆಳೆಯನ್ನು ಹಡಗಿಗೇರಿಸಿದವರು ನ್ಯೂಯಾರ್ಕಿನ ಸಾಹುಕಾರರು. ಈ ಹತ್ತಿಯ ನೂಲು ನಮ್ಮ ನಾಡಿನವರೆಗೂ ಚಾಚಿತ್ತು. ಬ್ರಿಟಿಷರು 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸಿನ ಬೀಜವನ್ನು ತಂದು ಧಾರವಾಡ ಸೀಮೆಯ ಎರೆನೆಲದಲ್ಲಿ ಬಿತ್ತಿಸಿದುದರಿಂದ 'ಧಾರವಾಡ ಅಮೆರಿಕನ್' ಎಂಬ ತಳಿ ಹೆಸರಾಯಿತು. ಅಂತರ್ಯುದ್ಧದಲ್ಲಿ ದಕ್ಷಿಣದ ಬಂದರುಗಳು ಮುಚ್ಚಿದಾಗ ಆ ಹತ್ತಿಗೆ ಬಂಗಾರದ ಬೆಲೆ ಬಂದು, ಯುದ್ಧ ಮುಗಿದೊಡನೆ ಇಳಿದುಹೋದದ್ದನ್ನು ನಮ್ಮ ಉತ್ತರ ಕರ್ನಾಟಕದ ರೈತರೂ ಅನುಭವಿಸಿದರು.

ಇನ್ನು ಶಾಲೆಗಳ ಸ್ಥಿತಿಯನ್ನು ನೋಡೋಣ. ಸೀಮೆಗಳ ವ್ಯತ್ಯಾಸವನ್ನು ಹೇಳುವ ಪುಸ್ತಕಗಳ ಹುಟ್ಟಿನಲ್ಲಿಯೇ ಆ ವ್ಯತ್ಯಾಸವು ಅಚ್ಚೊತ್ತಿತ್ತು. ಮುದ್ರಣಾಲಯಗಳಿದ್ದದ್ದು ಬಾಸ್ಟನ್, ಹಾರ್ಟ್‌ಫರ್ಡ್, ನ್ಯೂಯಾರ್ಕ್, ಫಿಲಡೆಲ್ಫಿಯ, ಮುಂದೆ ಸಿನ್ಸಿನಾಟಿಗಳಲ್ಲಿ. ಮ್ಯಾಸಚೂಸೆಟ್ಸಿನಲ್ಲಿ ಹೊರೇಸ್ ಮ್ಯಾನ್ 1837ರಲ್ಲಿ ವಿದ್ಯಾಮಂಡಲಿಯ ಕಾರ್ಯದರ್ಶಿಯಾಗಿ ಸಾರ್ವಜನಿಕ ಶಾಲೆಗಳನ್ನು ಬಲಪಡಿಸಿದನು. 1852ರಲ್ಲಿ ಆ ಸಂಸ್ಥಾನವು ಮಕ್ಕಳ ಹಾಜರಿಯನ್ನು ಕಡ್ಡಾಯಗೊಳಿಸಿತು. ದಕ್ಷಿಣದಲ್ಲಿ ಮನೆಗಳು ದೂರದೂರ ಹರಡಿಕೊಂಡಿದ್ದವು. ಶ್ರೀಮಂತನಾದ ತೋಟದೊಡೆಯನು ತನ್ನ ಮಕ್ಕಳಿಗೆ ಮನೆಯಲ್ಲಿಯೇ ಉಪಾಧ್ಯಾಯನನ್ನಿಟ್ಟು ಕಲಿಸಿದನೇ ಹೊರತು, ಬಡವರ ಮಕ್ಕಳ ಶಾಲೆಗಾಗಿ ತೆರಿಗೆ ತೆರುವುದಕ್ಕೆ ಒಪ್ಪಲಿಲ್ಲ. ಉತ್ತರ ಕ್ಯಾರೊಲಿನವು ಇದಕ್ಕೆ ಬಹುಮಟ್ಟಿಗೆ ಅಪವಾದ. ಅಲ್ಲಿ ಕ್ಯಾಲ್ವಿನ್ ವೈಲಿ ಎಂಬ ದಕ್ಷನು 1853ರಿಂದ ಶಾಲೆಗಳ ಮೇಲ್ವಿಚಾರಕನಾಗಿ ಒಂದು ಸುಸಂಬದ್ಧ ವ್ಯವಸ್ಥೆಯನ್ನು ಬೆಳೆಸಿದನು, ಮತ್ತು ತನ್ನ ಸಂಸ್ಥಾನದ ಮಕ್ಕಳು ತಮ್ಮ ನೆಲವನ್ನು ಗೌರವದಿಂದ ಅರಿಯಲೆಂದು ಅದಕ್ಕೂ ಮೊದಲೇ, 1851ರಲ್ಲಿ, ಒಂದು ವಾಚಕವನ್ನು ರಚಿಸಿದ್ದನು. ಉಳಿದೆಡೆ ನೋವಾ ವೆಬ್‌ಸ್ಟರನ ನೀಲಿ ರಟ್ಟಿನ ಕಾಗುಣಿತ, 'ಪೀಟರ್ ಪಾರ್ಲಿ' ಎಂಬ ಹೆಸರಿನಲ್ಲಿ ಸ್ಯಾಮ್ಯುಯೆಲ್ ಗುಡ್ರಿಚ್ ಬರೆದ ಕಥಾರೂಪದ ಭೂಗೋಳ ಚರಿತ್ರೆಗಳು, ಎಮ್ಮಾ ವಿಲರ್ಡ್ 1828ರಲ್ಲಿ ಹೊರತಂದ ದೇಶದ ಚರಿತ್ರೆ, 1836ರಿಂದ ಬರತೊಡಗಿದ ಮೆಗಫಿಯ ವಾಚಕಗಳು, ಎಲ್ಲವೂ ಉತ್ತರದಿಂದಲೇ ಬಂದವು. ಎಷ್ಟೋ ವೇಳೆ ಕಲಿಸುವವನೂ ಅಲ್ಲಿಂದಲೇ ಬಂದವನು. ದೇಶದ ಎಲ್ಲ ಮೂಲೆಗಳಲ್ಲಿಯೂ ಮಾರಾಟವಾಗಬೇಕೆಂಬ ಪ್ರಕಾಶಕರ ಆಸೆಯಿಂದ, ಕಾಲ ಕಳೆದಂತೆ ದಾಸ್ಯದ ಮಾತು ವಾಚಕಗಳಿಂದ ಮೆಲ್ಲನೆ ಜಾರಿಹೋಯಿತು. ದೇಶವನ್ನು ಸೀಳುತ್ತಿದ್ದ ಪ್ರಶ್ನೆಯೊಂದೇ ಮಕ್ಕಳ ಪುಸ್ತಕದಲ್ಲಿ ಕಾಣದಂತಾಯಿತು.

ಆ ಮೌನವನ್ನು ಮುರಿಯಲೆಳಸಿದವರು ದಾಸ್ಯವಿರೋಧಿಗಳು. ಅವರ ಅಮೆರಿಕನ್ ಸಂಘವು 1836ರಿಂದ 1838ರವರೆಗೆ ಗುಲಾಮರ ಮಿತ್ರನೆಂಬ ಅರ್ಥದ ಹೆಸರಿನಿಂದ ಮಕ್ಕಳಿಗಾಗಿ ಒಂದು ಪುಟ್ಟ ಮಾಸಪತ್ರಿಕೆಯನ್ನು ನ್ಯೂಯಾರ್ಕಿನಲ್ಲಿ ಪ್ರಕಟಿಸಿತು. 1846ರಲ್ಲಿ ಫಿಲಡೆಲ್ಫಿಯದ ಟೌನ್‌ಸೆಂಡ್ ಸೋದರಿಯರು ವರ್ಣಮಾಲೆಯ ಒಂದೊಂದು ಅಕ್ಷರಕ್ಕೆ ದಾಸ್ಯದ ಒಂದೊಂದು ಸಂಗತಿಯನ್ನು ಹೊಂದಿಸಿ, ಪದ್ಯರೂಪದ ಬಾಲಬೋಧೆಯೊಂದನ್ನು ರಚಿಸಿ, ದಾಸ್ಯವಿರೋಧಿಗಳ ಜಾತ್ರೆಯಲ್ಲಿ ಮಾರಿದರು. ಸಕ್ಕರೆಯೂ ಹತ್ತಿಯೂ ಯಾರ ದುಡಿಮೆಯಿಂದ ತಮ್ಮ ಮನೆಗೆ ಬರುತ್ತವೆಂಬುದನ್ನು ಉತ್ತರದ ಮಗುವು ಇಂಥ ಪುಸ್ತಕಗಳಿಂದ ತಿಳಿಯಬಹುದಾಗಿತ್ತು. ಆದರೆ ಇವು ಶಾಲೆಯ ಮಣೆಗೆ ಬರಲಿಲ್ಲ. ದಕ್ಷಿಣದಲ್ಲಂತೂ ಇಂಥ ಕಾಗದಗಳಿಗೆ ಅಂಚೆಯ ಚೀಲದಲ್ಲಿಯೂ ಎಡೆಯಿರಲಿಲ್ಲ. 1835ರ ಜುಲೈ ತಿಂಗಳಿನಲ್ಲಿಯೇ ಚಾರ್ಲ್ಸ್‌ಟನ್ ನಗರದಲ್ಲಿ ಗುಂಪೊಂದು ಅಂಚೆಮನೆಗೆ ನುಗ್ಗಿ, ದಾಸ್ಯವಿರೋಧಿ ಪತ್ರಿಕೆಗಳನ್ನು ಹೊತ್ತೊಯ್ದು ಸುಟ್ಟಿತ್ತು.

1850ರ ದಶಕದಲ್ಲಿ, ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಕಾನೂನು, ಕಾನ್ಸಸ್ ಸೀಮೆಯ ರಕ್ತಪಾತ, ಡ್ರೆಡ್ ಸ್ಕಾಟನ ಮೊಕದ್ದಮೆಯ ತೀರ್ಪು ಇವುಗಳಿಂದ ವೈಮನಸ್ಯವು ತೀವ್ರವಾದಂತೆ, ದಕ್ಷಿಣಕ್ಕೆ ಪ್ರತ್ಯೇಕವಾದ ಪಾಠಪುಸ್ತಕಗಳು ಬೇಕೆಂಬ ಕೂಗು ಬಲವಾಯಿತು. ನ್ಯೂ ಆರ್ಲಿಯನ್ಸಿನಿಂದ ಹೊರಡುತ್ತಿದ್ದ ಡಿ ಬೋನ ಪತ್ರಿಕೆಯು, ತಮ್ಮ ಮಕ್ಕಳು ತಮ್ಮ ತಂದೆತಾಯಿಗಳ ಬಾಳನ್ನು ನಿಂದಿಸುವ ಪುಸ್ತಕಗಳನ್ನು ಓದುತ್ತಿದ್ದಾರೆಂದು ಪುನಃಪುನಃ ಎಚ್ಚರಿಸಿತು. 1856ರ ಡಿಸೆಂಬರಿನಲ್ಲಿ ಸವಾನಾ ನಗರದಲ್ಲಿ ಸೇರಿದ ದಕ್ಷಿಣದ ವಾಣಿಜ್ಯ ಸಮ್ಮೇಳನವು, ರೈಲುಮಾರ್ಗ, ಬಂದರುಗಳ ಸಂಗಡ ಶಾಲಾಪುಸ್ತಕಗಳ ವಿಷಯವನ್ನೂ ಎತ್ತಿಕೊಂಡು, ಅವನ್ನು ಸಿದ್ಧಪಡಿಸಲು ಸಮಿತಿಯೊಂದನ್ನು ನೇಮಿಸಿತು. ವ್ಯಾಪಾರಿಗಳ ಸಭೆಯೊಂದು ಬಾಲಬೋಧೆಯ ಚಿಂತೆ ಮಾಡಿತೆಂಬುದರಿಂದಲೇ, ಮಗುವಿನ ಪುಸ್ತಕವು ಎಷ್ಟು ದೊಡ್ಡ ರಾಜಕಾರಣದ ವಸ್ತುವಾಗಿತ್ತೆಂಬುದನ್ನು ಊಹಿಸಬಹುದು. ಪೂರ್ವಗ್ರಹದ ಪುಸ್ತಕವನ್ನು ಆಕ್ಷೇಪಿಸುವ ಹಕ್ಕು ದಕ್ಷಿಣದ ತಂದೆತಾಯಿಗಳಿಗೆ ಇದ್ದೇ ಇತ್ತು. ಆದರೆ ಈಗ ಅವರ ಮುಂದಾಳುಗಳು ಕೇಳುತ್ತಿದ್ದುದು ನ್ಯಾಯವಾದ ಚಿತ್ರವನ್ನಲ್ಲ, ದಾಸ್ಯವನ್ನು ದೈವಸಮ್ಮತವೆಂದು ಸಮರ್ಥಿಸುವ ಚಿತ್ರವನ್ನು.

ಯಾವ ಪುಸ್ತಕವನ್ನೂ ಮುಟ್ಟಗೊಡದ ಮಕ್ಕಳನ್ನು ಮರೆತು ಈ ಚರಿತ್ರೆಯನ್ನು ಹೇಳಿದರೆ ಅದು ಅರ್ಧವೇ ಆದೀತು. ಗುಲಾಮರಿಗೆ ಬರಹ ಕಲಿಸುವುದನ್ನು ದಕ್ಷಿಣ ಕ್ಯಾರೊಲಿನವು 1740ರಲ್ಲಿಯೇ ನಿಷೇಧಿಸಿತ್ತು. 1829ರಿಂದ 1832ರ ಒಳಗೆ ಜಾರ್ಜಿಯ, ಉತ್ತರ ಕ್ಯಾರೊಲಿನ, ವರ್ಜೀನಿಯ, ಅಲಬಾಮಗಳು ಒಂದರ ಹಿಂದೊಂದು ಇಂಥ ಕಾನೂನುಗಳನ್ನು ಮಾಡಿದವು. ವರ್ಜೀನಿಯದ ನಾರ್ಫೊಕ್ ಪಟ್ಟಣದಲ್ಲಿ ಸ್ವತಂತ್ರರಾದ ಕರಿಯರ ಮಕ್ಕಳಿಗೆ ಓದು ಹೇಳಿಕೊಟ್ಟ ಅಪರಾಧಕ್ಕಾಗಿ ಮಾರ್ಗರೆಟ್ ಡಗ್ಲಾಸ್ ಎಂಬ ಬಿಳಿಯ ಮಹಿಳೆ 1854ರಲ್ಲಿ ಒಂದು ತಿಂಗಳ ಸೆರೆವಾಸವನ್ನು ಅನುಭವಿಸಿದಳು. ಬಾಲ್ಟಿಮೋರಿನಲ್ಲಿ ಗುಲಾಮ ಬಾಲಕನಾಗಿದ್ದ ಫ್ರೆಡರಿಕ್ ಡಗ್ಲಾಸನಿಗೆ ಮನೆಯೊಡತಿಯು ಅಕ್ಷರಗಳನ್ನು ತೋರಿಸಹೊರಟಾಗ ಒಡೆಯನು ತಡೆದನು. ಓದು ಬಂದ ಗುಲಾಮನು ಗುಲಾಮನಾಗಿ ಉಳಿಯನೆಂಬುದು ಆತನ ಭಯ. ಆ ಭಯದಿಂದಲೇ ಓದಿನ ಬೆಲೆಯನ್ನರಿತ ಬಾಲಕನು ಬೀದಿಯ ಬಿಳಿಯ ಹುಡುಗರಿಂದ, ಅವರ ವೆಬ್‌ಸ್ಟರ್ ಕಾಗುಣಿತದಿಂದ ಅಕ್ಷರಗಳನ್ನು ಸಂಪಾದಿಸಿ, ಹನ್ನೆರಡರ ಹರೆಯದಲ್ಲಿ ಐವತ್ತು ಸೆಂಟುಗಳನ್ನು ತೆತ್ತು, ಬಾಸ್ಟನ್ನಿನಲ್ಲಿ 1797ರಲ್ಲಿ ಸಂಕಲಿತವಾದ 'ಕೊಲಂಬಿಯನ್ ಆರೇಟರ್' ಎಂಬ ಶಾಲಾವಾಚಕವನ್ನು ಕೊಂಡುಕೊಂಡನು. ಅದರಲ್ಲಿ ಗುಲಾಮನೊಬ್ಬನು ಯುಕ್ತಿಯುಕ್ತವಾದ ಮಾತುಗಳಿಂದ ಒಡೆಯನ ಮನವನ್ನು ತಿರುಗಿಸಿ ಬಿಡುಗಡೆ ಪಡೆಯುವ ಸಂವಾದವೊಂದಿತ್ತು. ಬಿಳಿಯ ಮಕ್ಕಳಿಗೆ ಭಾಷಣಕಲೆಯ ಅಭ್ಯಾಸಕ್ಕೆಂದು ಅಚ್ಚಾದ ಆ ಪುಟಗಳು ಈ ಬಾಲಕನಿಗೆ ಜೀವನದ ಮಾರ್ಗವನ್ನೇ ತೋರಿಸಿದವು.

ಉತ್ತರವೂ ಈ ವಿಷಯದಲ್ಲಿ ನಿರ್ದೋಷಿಯಾಗಿರಲಿಲ್ಲ. ಕನೆಕ್ಟಿಕಟ್ಟಿನ ಕ್ಯಾಂಟರ್ಬರಿ ಎಂಬ ಊರಿನಲ್ಲಿ ಪ್ರೂಡೆನ್ಸ್ ಕ್ರ್ಯಾಂಡಲ್ 1833ರಲ್ಲಿ ಕರಿಯರ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದಾಗ, ಹೊರಗಿನ ಸಂಸ್ಥಾನಗಳಿಂದ ಬಂದ ಕರಿಯರಿಗೆ ಊರಿನ ಅನುಮತಿಯಿಲ್ಲದೆ ಕಲಿಸಕೂಡದೆಂದು ಶಾಸನಸಭೆಯು ಕಾನೂನು ಮಾಡಿತು. ಮರುವರ್ಷ ಪುಂಡರ ಗುಂಪು ಶಾಲೆಯ ಮೇಲೆ ದಾಳಿಯಿಟ್ಟುದರಿಂದ ಅದು ಮುಚ್ಚಿಹೋಯಿತು. ಬಾಸ್ಟನ್ನಿನಲ್ಲಿ ಮನೆಯ ಹತ್ತಿರದ ಶಾಲೆಗಳನ್ನು ದಾಟಿಸಿ ದೂರದ ಪ್ರತ್ಯೇಕ ಶಾಲೆಗೆ ಮಗಳನ್ನು ಕಳುಹಿಸಬೇಕಾಗಿ ಬಂದ ಬೆಂಜಮಿನ್ ರಾಬರ್ಟ್ಸ್ ಎಂಬ ಕರಿಯ ತಂದೆಯು ಹೂಡಿದ ದಾವೆಯು, ಚಾರ್ಲ್ಸ್ ಸಮ್ನರನ ವಾದವನ್ನೂ ಮೀರಿ, 1850ರಲ್ಲಿ ಸೋತಿತು. 1855ರಲ್ಲಿ ಶಾಸನಸಭೆಯೇ ಆ ಪ್ರತ್ಯೇಕತೆಯನ್ನು ರದ್ದುಮಾಡಿತು. ಸಾರ್ವಜನಿಕ ವಿದ್ಯೆಯ ತೌರೆಂದು ಭೂಗೋಳಗಳು ಕೊಂಡಾಡಿದ ಸೀಮೆಯ ಶಾಲೆಗಳ ಬಾಗಿಲೂ ಎಲ್ಲ ಮಕ್ಕಳಿಗೆ ಸಮನಾಗಿ ತೆರೆದಿರಲಿಲ್ಲ.

1860ರ ಡಿಸೆಂಬರ್ 20ರಂದು ದಕ್ಷಿಣ ಕ್ಯಾರೊಲಿನವು ಸಂಯುಕ್ತದಿಂದ ಬೇರ್ಪಟ್ಟಿತು; 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ಬಂದರುಗಳು ಮುತ್ತಿಗೆಗೊಳಗಾಗಿ ಉತ್ತರದ ಪುಸ್ತಕಗಳು ಬರುವುದು ನಿಂತಾಗ, ದಕ್ಷಿಣವು ತಾನು ಬಯಸಿದ್ದ ಪಾಠಗಳನ್ನು ತಾನೇ ಅಚ್ಚುಹಾಕತೊಡಗಿತು. 1863ರ ಏಪ್ರಿಲಿನಲ್ಲಿ ದಕ್ಷಿಣ ಕ್ಯಾರೊಲಿನದ ಕೊಲಂಬಿಯದಲ್ಲಿ ಉಪಾಧ್ಯಾಯರ ಸಮ್ಮೇಳನ ಸೇರಿತು. ರಾಲಿ, ರಿಚ್ಮಂಡ್, ಗ್ರೀನ್ಸ್‌ಬರೋ, ಮೇಕನ್, ಮೊಬೀಲ್ ಮೊದಲಾದ ಪಟ್ಟಣಗಳಿಂದ, ಕಾಗದಕ್ಕೂ ಶಾಯಿಗೂ ಬರವಿದ್ದ ಆ ದಿನಗಳಲ್ಲಿಯೂ, ನೂರಕ್ಕೂ ಮಿಗಿಲಾದ ಶಾಲಾಪುಸ್ತಕಗಳು ಹೊರಬಂದವು. ಅವುಗಳಲ್ಲಿ ಮರಿಂಡ ಬ್ರ್ಯಾನ್ಸನ್ ಮೂರ್ ಎಂಬಾಕೆ 1863ರಲ್ಲಿ ರಾಲಿಯಲ್ಲಿ ಪ್ರಕಟಿಸಿದ, 'ಡಿಕ್ಸಿ'ಯ, ಎಂದರೆ ದಕ್ಷಿಣದ, ಮಕ್ಕಳಿಗೆಂದು ಬರೆದ ಭೂಗೋಳ ವಾಚಕವು ಪ್ರಸಿದ್ಧವಾದುದು. ಪ್ರಶ್ನೋತ್ತರಗಳ ರೂಪದ ಆ ಪುಸ್ತಕದಲ್ಲಿ ಭೂಮಿಯ ಆಕಾರ, ಖಂಡ, ಸಾಗರಗಳ ಪಾಠದೊಡನೆಯೇ ಜನಾಂಗಗಳ ಮೇಲುಕೀಳುಗಳೂ, ದಾಸ್ಯದ ಸಮರ್ಥನೆಯೂ, ಯುದ್ಧದ ಹೊಣೆಯನ್ನು ಉತ್ತರದ ಮೇಲೆ ಹೊರಿಸುವ ಪಾಠವೂ ಒಂದೇ ಸ್ವರದಲ್ಲಿ ಬರುತ್ತವೆ. ಭೂಮಿಯು ಗುಂಡಗಿರುವುದೂ ಕರಿಯನು ಕೀಳಾಗಿರುವುದೂ ಮಗುವಿಗೆ ಒಂದೇ ಬಗೆಯ ನಿಸರ್ಗಸತ್ಯಗಳೆಂಬಂತೆ. ಮರುವರ್ಷ ಅದೇ ಪಟ್ಟಣದಲ್ಲಿ ಅಚ್ಚಾದ ಜಾನ್ಸನ್ ಎಂಬುವನ ಅಂಕಗಣಿತದಲ್ಲಿ, ದಕ್ಷಿಣದ ಒಬ್ಬ ಸೈನಿಕನು ಉತ್ತರದ ಎಷ್ಟು ಮಂದಿಯನ್ನು ಸೋಲಿಸಬಲ್ಲನೆಂಬುದನ್ನು ಆಧಾರವಾಗಿಟ್ಟುಕೊಂಡು ಲೆಕ್ಕಗಳು ಬಂದವು. ಮೋರ್ಸನ ಪುಸ್ತಕಕ್ಕೆ ಹೋಲಿಸಿದರೆ ಹೊಗಳಿಕೆ ತೆಗಳಿಕೆಗಳು ಅದಲುಬದಲಾಗಿದ್ದವು. ಸೀಮೆಗೊಂದು ಶೀಲವನ್ನು ಹಂಚುವ ಕ್ರಮ ಮಾತ್ರ ಅದೇ ಆಗಿತ್ತು.

ಈ ಪುಸ್ತಕಗಳು ಹೊರಬರುವುದಕ್ಕೆ ಮುನ್ನವೇ, 1861ರ ಸೆಪ್ಟೆಂಬರಿನಲ್ಲಿ, ವಾಷಿಂಗ್ಟನ್ನಿನಲ್ಲಿ ಒಂದು ಭೂಪಟ ಮುದ್ರಿತವಾಗಿತ್ತು. ಕರಾವಳಿ ಮೋಜಣಿ ಇಲಾಖೆಯ ಎಡ್ವಿನ್ ಹರ್ಗೆಶೈಮರ್ 1860ರ ಖಾನೇಸುಮಾರಿಯ ಅಂಕಿಗಳನ್ನು ಆಧರಿಸಿ ರಚಿಸಿದ ಈ ಭೂಪಟದಲ್ಲಿ, ದಕ್ಷಿಣದ ಪ್ರತಿಯೊಂದು ಜಿಲ್ಲೆಯನ್ನೂ ಅಲ್ಲಿನ ಜನಸಂಖ್ಯೆಯಲ್ಲಿ ಗುಲಾಮರು ಶೇಕಡ ಎಷ್ಟಿದ್ದರೆಂಬುದಕ್ಕೆ ತಕ್ಕಂತೆ ನಸುಗಪ್ಪಿನಿಂದ ಕಡುಗಪ್ಪಿನವರೆಗೆ ಛಾಯೆಗೊಳಿಸಲಾಗಿತ್ತು. ಗಾಯಾಳುಗಳಾದ ಸೈನಿಕರ ನೆರವಿಗಾಗಿ ಮಾರಾಟವಾದ ಆ ಹಾಳೆಯನ್ನು ಅಧ್ಯಕ್ಷ ಲಿಂಕನ್ ಆಗಾಗ ಪರಿಶೀಲಿಸುತ್ತಿದ್ದನು. ವಿಮೋಚನಾ ಘೋಷಣೆಯ ಪ್ರಥಮ ವಾಚನವನ್ನು 1864ರಲ್ಲಿ ಚಿತ್ರಿಸಿದ ಫ್ರಾನ್ಸಿಸ್ ಕಾರ್ಪೆಂಟರನು, ಚಿತ್ರದ ಒಂದು ಮೂಲೆಯಲ್ಲಿ ಅದನ್ನು ಸೇರಿಸಿದನು. ಪಾಠಪುಸ್ತಕದ ಎರಡು ಅಂಕಣಗಳು ಹೇಳದ ಸಂಗತಿಯನ್ನು ಈ ಭೂಪಟವು ಒಂದೇ ನೋಟಕ್ಕೆ ಹೇಳುತ್ತದೆ. ದಕ್ಷಿಣವೆಂಬುದು ಏಕವರ್ಣದ ನೆಲವಾಗಿರಲಿಲ್ಲ. ಮಿಸಿಸಿಪಿ ನದಿಯ ದಡದ ಇಸ್ಸಕ್ವೀನಾ ಜಿಲ್ಲೆಯಲ್ಲಿ ನೂರಕ್ಕೆ ತೊಂಬತ್ತೆರಡಕ್ಕೂ ಹೆಚ್ಚು ಮಂದಿ ಗುಲಾಮರು. ದಕ್ಷಿಣ ಕ್ಯಾರೊಲಿನದ 7,03,708 ಜನರಲ್ಲಿ 4,02,406 ಮಂದಿ ಗುಲಾಮರು. ಆದರೆ ಅಪಲೇಶಿಯನ್ ಬೆಟ್ಟಸಾಲಿನುದ್ದಕ್ಕೂ ಭೂಪಟ ಬಹುತೇಕ ಬಿಳಿಯೇ. ಆ ಬಿಳಿಯ ಪಟ್ಟಿಯ ಜನರೇ ಪೂರ್ವ ಟೆನೆಸಿಯಲ್ಲಿ ಬೇರ್ಪಡುವುದಕ್ಕೆ ವಿರುದ್ಧವಾಗಿ ಮತ ಕೊಟ್ಟರು. ಪಶ್ಚಿಮ ವರ್ಜೀನಿಯದಲ್ಲಿ ತಮ್ಮ ಸಂಸ್ಥಾನದಿಂದಲೇ ಬೇರ್ಪಟ್ಟು, 1863ರ ಜೂನ್ 20ರಂದು ಹೊಸ ಸಂಸ್ಥಾನವಾಗಿ ಸಂಯುಕ್ತವನ್ನು ಸೇರಿದರು. ದೇಶವೆಲ್ಲ ಸೇರಿ 39,53,760 ಗುಲಾಮರಿದ್ದರು, ಅವರೂ ದಕ್ಷಿಣದವರೇ. 'ದಕ್ಷಿಣವು ಹೀಗೆ ಬಯಸಿತು' ಎಂದು ಪಾಠ ಹೇಳುವಾಗಲೆಲ್ಲ ಇವರ ಬಯಕೆಯನ್ನು ಕೇಳದೆಯೇ ಆ ವಾಕ್ಯವು ಮುಗಿದುಹೋಗುತ್ತದೆ.

ಬೇರ್ಪಟ್ಟ ಸಂಸ್ಥಾನಗಳು ತಮ್ಮ ಕಾರಣವನ್ನು ಮುಚ್ಚಿಡಲಿಲ್ಲ. ಮಿಸಿಸಿಪಿ 1861ರ ಜನವರಿಯ ತನ್ನ ಘೋಷಣೆಯಲ್ಲಿ ತನ್ನ ನಿಲುವು ದಾಸ್ಯಪದ್ಧತಿಯೊಡನೆ ಅಭಿನ್ನವೆಂದು ಸಾರಿತು. ಹೊಸ ಒಕ್ಕೂಟದ ಉಪಾಧ್ಯಕ್ಷನಾದ ಅಲೆಕ್ಸಾಂಡರ್ ಸ್ಟೀಫನ್ಸ್ ಅದೇ ವರ್ಷದ ಮಾರ್ಚಿನಲ್ಲಿ ಸವಾನಾದಲ್ಲಿ ಮಾತನಾಡುತ್ತಾ, ಜನಾಂಗಗಳ ಅಸಮಾನತೆಯೇ ತಮ್ಮ ರಾಜ್ಯದ ಮೂಲೆಗಲ್ಲೆಂದು ಹೇಳಿದನು. ಸೋತ ಬಳಿಕ ಆತನೇ ಬರೆದ ದೊಡ್ಡ ಗ್ರಂಥದಲ್ಲಿ ಯುದ್ಧವು ಸಂಸ್ಥಾನಗಳ ಹಕ್ಕು ಮತ್ತು ಕೇಂದ್ರಾಧಿಕಾರಗಳ ನಡುವಣ ತತ್ತ್ವವಿವಾದವಾಗಿ ಮಾರ್ಪಟ್ಟಿತು. 1894ರಲ್ಲಿ ಸ್ಥಾಪಿತವಾದ ಒಕ್ಕೂಟಪುತ್ರಿಯರ ಸಂಘವು ಈ ಮಾರ್ಪಾಟನ್ನು ಶಾಲೆಗೆ ಒಯ್ದಿತು. ಅದರ ಪ್ರಮುಖಳಾದ ಮಿಲ್ಡ್ರೆಡ್ ರುದರ್ಫರ್ಡ್, ಮೊದಲ ಮಹಾಯುದ್ಧವು ಮುಗಿದೊಡನೆ ಪಾಠಪುಸ್ತಕಗಳಿಗೊಂದು ಅಳತೆಗೋಲನ್ನು ಪ್ರಕಟಿಸಿ, ದಕ್ಷಿಣವು ದಾಸ್ಯಕ್ಕಾಗಿ ಹೋರಾಡಿತೆನ್ನುವ, ಒಡೆಯರನ್ನು ಕ್ರೂರರೆನ್ನುವ ಪುಸ್ತಕಗಳನ್ನು ತಿರಸ್ಕರಿಸಬೇಕೆಂದು ಶಾಲೆಗಳಿಗೂ ಪುಸ್ತಕಭಂಡಾರಗಳಿಗೂ ವಿಧಿಸಿದಳು. ದೇಶದಾದ್ಯಂತ ಮಾರಬೇಕಾದ ಪ್ರಕಾಶಕರು ಹಿಂದಿನಂತೆಯೇ ಬಾಗಿದರು. ಭಿನ್ನವಾದ ಸೀಮೆಗಳು, ಭಿನ್ನವಾದ ಜೀವನಕ್ರಮಗಳು ಎಂಬ ನಿರಪಾಯವಾದ ಅಂಕಣಗಳು ಮತ್ತೆ ಬೋರ್ಡಿನ ಮೇಲೆ ಬಂದದ್ದು ಹೀಗೆ. ಚರಿತ್ರಕಾರ ಡು ಬಾಯ್ಸ್ 1935ರ ತನ್ನ ಮಹತ್ಕೃತಿಯ ಕೊನೆಯ ಅಧ್ಯಾಯದಲ್ಲಿ, ಆಗ ಶಾಲೆಗಳಲ್ಲಿದ್ದ ಪುಸ್ತಕಗಳನ್ನು ಪರಿಶೀಲಿಸಿ, ಮಕ್ಕಳಿಗೆ ಚರಿತ್ರೆಯ ಹೆಸರಿನಲ್ಲಿ ಪ್ರಚಾರವನ್ನು ಉಣಿಸಲಾಗುತ್ತಿದೆಯೆಂದು ನೊಂದು ಬರೆದನು. ಆ ನೋವು ಹಳೆಯದಾಗಿಲ್ಲ. ಟೆಕ್ಸಸ್ ಸಂಸ್ಥಾನದ ವಿದ್ಯಾಮಂಡಲಿಯು 2010ರಲ್ಲಿ ಅಂಗೀಕರಿಸಿದ ಪಠ್ಯಕ್ರಮದಲ್ಲಿ ಯುದ್ಧದ ಕಾರಣಗಳನ್ನು ಸೀಮಾಭೇದ, ಸಂಸ್ಥಾನಗಳ ಹಕ್ಕು, ದಾಸ್ಯ ಎಂಬ ಅನುಕ್ರಮದಲ್ಲಿ ಇರಿಸಿತ್ತು. ದಾಸ್ಯದ ವಿಸ್ತರಣೆಯೇ ಕೇಂದ್ರಕಾರಣವೆಂಬ ತಿದ್ದುಪಡಿ ಬಂದದ್ದು 2018ರಲ್ಲಿ.

ಆದುದರಿಂದ ಸೀಮೆಗಳ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಲೇಬಾರದೆಂದು ನನ್ನ ಅಭಿಪ್ರಾಯವಲ್ಲ. ಹೇಳದೆ ಉಳಿದರೆ ಏನಾಗುತ್ತದೆಂಬುದಕ್ಕೆ ಮೆಗಫಿಯ ವಾಚಕಗಳ ಮೌನವೇ ಸಾಕ್ಷಿ. ನೆಲ, ಮಳೆ, ಬೆಳೆಗಳ ಭೇದವನ್ನು ಮಗುವು ತಿಳಿಯಲೇಬೇಕು. ಆದರೆ ನೆಲದಿಂದ ಎಷ್ಟು ಬಂದಿತು, ಕಾನೂನಿನಿಂದ ಎಷ್ಟು ಬಂದಿತು ಎಂಬುದನ್ನು ಉಪಾಧ್ಯಾಯನು ಬೇರ್ಪಡಿಸಿ ತೋರಿಸಬೇಕು. ಹತ್ತಿಯು ಬೆಳೆಯುವುದು ಹವೆಯಿಂದ. ಹತ್ತಿ ಬಿಡಿಸುವವಳ ಮಗುವನ್ನು ಮಾರಬಹುದೆಂಬುದು ಶಾಸನದಿಂದ. ಯಾವ ಸೀಮೆಯ ಸಂಪತ್ತನ್ನಾಗಲಿ ಹೆಸರಿಸಿದೊಡನೆ, ಅದನ್ನು ದುಡಿದವರಾರು, ಉಂಡವರಾರು ಎಂಬುದನ್ನೂ ಹೇಳಬೇಕು. ಟಕರನಂಥ, ಪೂರ್ವ ಟೆನೆಸಿಯ ಬೆಟ್ಟದ ರೈತರಂಥ, ಪ್ರೂಡೆನ್ಸ್ ಕ್ರ್ಯಾಂಡಲಳ ಮೇಲೆ ಕಲ್ಲೆಸೆದ ಉತ್ತರದವರಂಥ, ಅಂಕಣಗಳಿಗೆ ಒಗ್ಗದ ಜನರನ್ನು ಮಕ್ಕಳ ಮುಂದೆ ನಿಲ್ಲಿಸಬೇಕು. ಹೀಗೆ ಕಲಿತ ಮಗುವು, ಎರಡು ಸೀಮೆಗಳು ಬೇರೆಬೇರೆಯಾಗಿದ್ದುದರಿಂದ ಯುದ್ಧವಾಯಿತೆಂದು ಹೇಳಲಾರದು. ಮನುಷ್ಯರನ್ನು ಸೊತ್ತಾಗಿ ಹಿಡಿದಿಡುವ ಹಕ್ಕನ್ನು ಉಳಿಸಿಕೊಂಡು ಹೊಸ ನೆಲಗಳಿಗೂ ಹರಡಬೇಕೆಂದು ಕೆಲವರು ಹಟ ಹಿಡಿದುದರಿಂದ, ಆ ಹಟಕ್ಕೆ ಮಣಿಯುವುದನ್ನು ಇತರರು ಕಡೆಗೆ ನಿಲ್ಲಿಸಿದುದರಿಂದ ಆಯಿತೆಂದು ಹೇಳೀತು. ಭಾಷೆ, ಬೆಳೆ, ಉಡಿಗೆ, ಊಟಗಳಲ್ಲಿ ಅಮೆರಿಕಕ್ಕಿಂತ ಎಷ್ಟೋ ಪಾಲು ಹೆಚ್ಚಿನ ವೈವಿಧ್ಯವುಳ್ಳ ನಮ್ಮಂಥ ದೇಶದ ಮಕ್ಕಳಿಗೆ ಈ ವಿವೇಕವು ಅತ್ಯವಶ್ಯಕವಾದುದು. ಭೇದವು ಭಯಪಡತಕ್ಕ ವಸ್ತುವಲ್ಲ, ಅನ್ಯಾಯವು ಭೇದದ ಹೆಸರಿನಲ್ಲಿ ಅಡಗಿಕೊಳ್ಳುವುದೇ ಭಯಪಡತಕ್ಕದ್ದು. ಇವೆರಡನ್ನೂ ಬೇರೆ ಮಾಡಿ ನೋಡುವ ಕಣ್ಣನ್ನು ಮಗುವಿಗೆ ಕೊಡುವುದೇ ಚರಿತ್ರೆಯ ಉಪಾಧ್ಯಾಯನು ಮಾಡಬಹುದಾದ ಪರಮಸೇವೆ.